ಏಳನೇ ಪುಟದ ವಾಕ್ಯ

ಶಾಲೆಯ ಸ್ಟಾಫ್ ರೂಮು
ಗುರುವಾರ, ಸಂಜೆ ನಾಲ್ಕೂ ಮುಕ್ಕಾಲು

ಮೇಷ್ಟ್ರೇ,

ನಿಮ್ಮ ಕಾಗದ, ಅದರ ಜೊತೆ ಮಡಿಸಿ ಕಳಿಸಿದ ಏಳನೇ ಪುಟ, ಎರಡೂ ಇವತ್ತು ಬೆಳಿಗ್ಗೆ ಕೈ ಸೇರಿದವು. ಓದಿದೆ. ಓದಿ ಮೈ ಉರಿಯಿತು. ಅದೇ ಸಿಟ್ಟಿನಲ್ಲಿ ಹತ್ತನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಬಳಪ ಎರಡು ಸಲ ಮುರಿಯಿತು. ಈಗ ಎಲ್ಲರೂ ಮನೆಗೆ ಹೋಗಿದ್ದಾರೆ. ಜವಾನರು ಬಂದು ಬೀಗ ಹಾಕುವುದಕ್ಕೆ ಇನ್ನೂ ಒಂದೂವರೆ ಗಂಟೆ ಇದೆ, ಅಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಇವತ್ತಿಲ್ಲ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ಅಂದುಕೊಳ್ಳುತ್ತೇನೆ.

ನೀವು ಒಪ್ಪಿಬಿಟ್ಟಿದ್ದೀರಿ. ಹನ್ನೊಂದು ವರ್ಷ ಜಪ್ಪಯ್ಯ ಅಂದರೂ ಒಪ್ಪದವರು ನನ್ನ ವಾಕ್ಯದ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ರೈಟು ಹಾಕಿ ಕಳಿಸಿದ್ದೀರಿ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರೋ ಏನೋ. ನನಗೆ ಮಾತ್ರ, ಆಟ ಅರ್ಧದಲ್ಲಿರುವಾಗ ಎದುರಿಗಿದ್ದವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ ಹಾಗಾಗಿದೆ.

ನಾವೇ ಮಾಡಿಕೊಂಡ ಕಟ್ಟಳೆ ಏನಿತ್ತು? ಇಬ್ಬರೂ ಸೇರಿ ಬರೆಯುವ ಪುಸ್ತಕದ ಒಂದೊಂದು ವಾಕ್ಯಕ್ಕೂ ಇಬ್ಬರ ರೈಟೂ ಬೀಳಬೇಕು, ನಿಮ್ಮದು ಹಸಿರು ಶಾಯಿ, ನನ್ನದು ಪೆನ್ಸಿಲ್ಲು. ರೈಟು ಅಂದರೆ ನಿಜವಾಗಿ ಒಪ್ಪಿ ಹಾಕಿದ್ದಾಗಿರಬೇಕು. ಬೇಸರಕ್ಕೆ, ದಾಕ್ಷಿಣ್ಯಕ್ಕೆ, ಊಟಕ್ಕೆ ತಡವಾಯಿತು ಅನ್ನುವ ಕಾರಣಕ್ಕೆ ಯಾರೂ ಹಾಕಕೂಡದು. ಈ ಕೊನೆಯ ಷರತ್ತನ್ನು ಸೇರಿಸಿದವರು ನೀವು. ಹೀಗೆ ಒಂದೊಂದೇ ವಾಕ್ಯ ದಾಟಿ ಇನ್ನೂರ ಹನ್ನೆರಡು ಪುಟ ಮುಗಿಸಿದೆವು. ಏಳನೇ ಪುಟವೊಂದು ಖಾಲಿ ಉಳಿಯಿತು. ಇದನ್ನು ಬಿಟ್ಟು ಮುಂದಕ್ಕೆ ಹೋಗೋಣ, ಎಲ್ಲಾ ಬರೆದಾದ ಮೇಲೆ ತಾನಾಗಿ ತಿಳಿಯುತ್ತೆ ಅಂದವರೂ ನೀವೇ. ಇನ್ನೂರ ಐದು ಪುಟ ಆದಮೇಲೂ ನಮಗೆ ತಿಳಿಯಲಿಲ್ಲ. ಗಣಿತದಲ್ಲಿ ಸೆಟ್ ಅನ್ನುವ ಗಣಗಳ ಬಗ್ಗೆ ಇಡೀ ಪುಸ್ತಕ ಬರೆದ ಇಬ್ಬರಿಗೆ, ಗಣ ಅಂದರೆ ಏನು ಅನ್ನುವ ಒಂದು ವಾಕ್ಯಕ್ಕೆ ಗತಿಯಿಲ್ಲ.

ಪ್ರಕಾಶನದ ಮೇಡಂ ನನಗೂ ಫೋನ್ ಮಾಡಿದ್ದರು. ಸೋಮವಾರದೊಳಗೆ ಏಳನೇ ಪುಟ ಬರದಿದ್ದರೆ ಪುಸ್ತಕವನ್ನು ಈ ವರ್ಷದ ಪಟ್ಟಿಯಿಂದ ತೆಗೆಯುತ್ತಾರಂತೆ, ಮುಂದಿನ ವರ್ಷದ ಮಾತು ಆಡಲು ತಯಾರಿಲ್ಲವಂತೆ. ಇಬ್ಬರು ಓದಿದೋರು ಒಂದು ವಾಕ್ಯಕ್ಕೆ ಹನ್ನೊಂದು ವರ್ಷ ತಗೊಂಡ್ರೆ, ಅದನ್ನ ಓದೋ ಮಕ್ಕಳ ಗತಿ ಏನ್ರೀ ಅಂತ ಕೇಳಿದರು. ನಿಮಗೂ ಹೀಗೇ ದಬಾಯಿಸಿರಬೇಕು. ಆದರೆ ನೀವು ಅವರಿಗೆ ಹೆದರಿ ರೈಟು ಹಾಕಿದವರಲ್ಲ, ಅದು ನನಗೆ ಗೊತ್ತು. ನೀವು ಯಾಕೆ ಹಾಕಿದಿರಿ ಅಂತ ನಿಮ್ಮ ಕಾಗದದಲ್ಲೇ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವಾಕ್ಯದ ವಿಷಯ. ಗೊತ್ತಿರುವುದನ್ನೇ ಮತ್ತೆ ಯಾಕೆ ಬರೆಯುತ್ತೀಯ ಅನ್ನಬೇಡಿ. ನೀವು ಎಲ್ಲವನ್ನೂ ಮರೆತವರ ಹಾಗೆ ನಡೆದುಕೊಂಡಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಒಂದಷ್ಟು ವಸ್ತುಗಳನ್ನು ಒಟ್ಟುಮಾಡಿ, ಆ ಒಟ್ಟನ್ನೇ ಒಂದು ವಸ್ತು ಅಂತ ಎಣಿಸಿದರೆ ಅದು ಗಣ ಅಂತ ನಾನು ನನ್ನ ಶಾಲೆಯ ಮಕ್ಕಳಿಗೆ ಹೇಳುತ್ತೇನೆ. ಅಷ್ಟರಮಟ್ಟಿಗೆ ನಮ್ಮಿಬ್ಬರಿಗೂ ತಕರಾರಿಲ್ಲ. ಒಟ್ಟುಮಾಡುವುದು ಯಾವುದು ಅನ್ನುವಲ್ಲಿ ಜಗಳ. ಪರಿಕಲ್ಪನೆ ಅಂತ ನೀವು. ‘ಕೆಂಪಗಿರುವುದು’ ಅಂತ ಒಂದು ಲಕ್ಷಣ ಹೇಳಿದರೆ ಸಾಕು, ಲೋಕದಲ್ಲಿ ಕೆಂಪಗಿರುವುದೆಲ್ಲ ತಾನಾಗಿ ಬಂದು ಅದರಡಿ ನಿಲ್ಲುತ್ತದೆ, ಅದೇ ಗಣ, ಯಾರೂ ಹೋಗಿ ಒಂದೊಂದನ್ನೇ ಎತ್ತಿ ತರಬೇಕಾಗಿಲ್ಲ ಅಂತ ನಿಮ್ಮ ವಾದ. ನಾನು ಹೇಳುವುದು ಇದರ ತದ್ವಿರುದ್ಧ. ಮೊದಲು ವಸ್ತುಗಳಿವೆ, ಅವುಗಳಿಂದ ಗಣ ಆಗುತ್ತದೆ. ಒಳಗೆ ಯಾರಿದ್ದಾರೆ ಅನ್ನುವುದೇ ಗಣದ ಗುರುತು, ಅದನ್ನು ಬಿಟ್ಟು ಅದಕ್ಕೆ ಬೇರೆ ಗುರುತಿಲ್ಲ. ಲಕ್ಷಣ ಗಿಕ್ಷಣ ಎಲ್ಲ ಆಮೇಲೆ ನಾವು ಅಂಟಿಸುವ ಚೀಟಿ.

ನಮ್ಮ ಮನೆಯನ್ನೇ ಉದಾಹರಣೆಗೆ ಕೊಟ್ಟಿದ್ದೆನಲ್ಲ. ಮೂರು ಜನದ ಮನೆ, ನೀವು, ನಾನು, ಅತ್ತೆ. ಈ ಮನೆಯಲ್ಲಿ ಕನ್ನಡಕ ಹಾಕುವವರು ಯಾರು? ನೀವು ಮತ್ತು ಅತ್ತೆ. ಸಕ್ಕರೆಯಿಲ್ಲದ ಚಹಾ ಕುಡಿಯುವವರು ಯಾರು? ನೀವು ಮತ್ತು ಅತ್ತೆ. ಕನ್ನಡಕಕ್ಕೂ ಸಕ್ಕರೆಗೂ ಏನೂ ಸಂಬಂಧವಿಲ್ಲ, ಎರಡು ಬೇರೆ ಬೇರೆ ಪರಿಕಲ್ಪನೆಗಳು. ಗಣ ಮಾತ್ರ ಒಂದೇ. ಹಾಗಿದ್ದಮೇಲೆ ಗಣದ ಗುರುತು ಪರಿಕಲ್ಪನೆಯಲ್ಲಿ ಎಲ್ಲಿದೆ ತೋರಿಸಿ ಅಂದೆ. ಮೂರನೇ ದಿನ ಚಹಾ ಕುಡಿಯುತ್ತಾ, ಅಮ್ಮ ನಾಳೆಯಿಂದ ಸಕ್ಕರೆ ಹಾಕಿಕೊಂಡರೆ ಆಗೇನು ಮಾಡ್ತೀಯ ಅಂದಿರಿ. ಏನೂ ಮಾಡಲ್ಲ, ನೀವಿಬ್ಬರಿರುವ ಗಣ ಹಾಗೇ ಇರುತ್ತೆ, ನಿಮ್ಮ ಪರಿಕಲ್ಪನೆ ಮಾತ್ರ ಅದನ್ನು ಬಿಟ್ಟು ಇನ್ನೊಂದು ಗಣಕ್ಕೆ ಹೋಗುತ್ತೆ ಅಂದೆ. ಅತ್ತೆ ಅಡುಗೆಮನೆಯಿಂದ, ನನ್ನ ಚಹಾಕ್ಕೆ ಯಾಕ್ರೋ ಕೈ ಹಾಕ್ತೀರ ಅಂತ ಕೂಗಿದರು.

ಆಗೆಲ್ಲ ಎಷ್ಟು ಚೆನ್ನಾಗಿತ್ತು. ಹಾಗಂತ ಮೆತ್ತಗಾಗುವುದಿಲ್ಲ, ಮುಂದಕ್ಕೆ ಬರೆಯುತ್ತೇನೆ.

ನಿಮ್ಮ ಪರಿಕಲ್ಪನೆಗಳನ್ನು ಲಂಗುಲಗಾಮಿಲ್ಲದೆ ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮದೇ ಕಾಲೇಜಿನ ನೌಕರರ ಸಂಘವನ್ನು ಹಿಡಿದು ತೋರಿಸಿದ್ದೆ. ಒಂದು ಸಂಘ ಇನ್ನೊಂದು ಸಂಘಕ್ಕೆ ಸದಸ್ಯ ಆಗಬಹುದು. ಕೆಲವು ಸಂಘಗಳು ತಮ್ಮ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆದುಕೊಳ್ಳುತ್ತವೆ, ಕೆಲವು ಬರೆದುಕೊಳ್ಳುವುದಿಲ್ಲ ಅಂತಿಟ್ಟುಕೊಳ್ಳಿ. ಬರೆದುಕೊಳ್ಳದವುಗಳನ್ನೆಲ್ಲ, ಒಂದನ್ನೂ ಬಿಡದೆ, ಅವುಗಳನ್ನು ಮಾತ್ರ ಸೇರಿಸಿ ಒಂದು ಮಹಾಸಂಘ ಮಾಡೋಣ ಅಂದೆ. ಆ ಮಹಾಸಂಘ ತನ್ನ ಹೆಸರು ಬರೆದುಕೊಂಡರೆ ಅಲ್ಲಿರುವ ಅರ್ಹತೆ ಹೋಗುತ್ತದೆ, ಬರೆದುಕೊಳ್ಳದಿದ್ದರೆ ಅದೇ ಅರ್ಹತೆಯಾಗಿ ಬರೆದುಕೊಳ್ಳಲೇಬೇಕಾಗುತ್ತದೆ. ಲಕ್ಷಣ ಸ್ಪಷ್ಟವಾಗಿದೆ, ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಅಂಥ ಗಣವೇ ಇರಲು ಸಾಧ್ಯವಿಲ್ಲ. ಈ ಗುಂಡಿ ನಮ್ಮ ಅಜ್ಜಂದಿರ ಕಾಲದ್ದು, ನಮಗಿಂತ ದೊಡ್ಡವರೇ ಬಿದ್ದು ಎದ್ದಿದ್ದಾರೆ ಅಂತ ನಿಮಗೂ ಗೊತ್ತಿತ್ತು.

ಆಮೇಲೆ ನೀವು ಒಂದು ಹೆಜ್ಜೆ ಹಿಂದೆ ಸರಿದಿರಿ. ಈಗಾಗಲೇ ಇರುವ ಒಂದು ಗಣದೊಳಗಿಂದ ಪರಿಕಲ್ಪನೆ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ, ಅಷ್ಟೇ ನನ್ನ ಮಾತು ಅಂದಿರಿ. ಅಲ್ಲ, ಆ ‘ಈಗಾಗಲೇ ಇರುವ’ ಗಣ ಎಲ್ಲಿಂದ ಬಂತು ಸ್ವಾಮಿ ಅಂತ ನಾನು ಹಿಡಿದುಕೊಂಡೆ. ಆವತ್ತು ನೀವು ಕೊಟ್ಟ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಅದಾದ ಮೇಲೆ ಬಾಯಿಮಾತಿನಲ್ಲಿ ಜಗಳ ಜಾಸ್ತಿಯಾಗುತ್ತದೆ ಅಂತ, ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆದುಕೊಳ್ಳುವುದಕ್ಕೆ ಶುರುಮಾಡಿದೆವು. ನೀವು ಬರೆದದ್ದನ್ನು ನನ್ನ ದಿಂಬಿನ ಮೇಲೆ ಇಡುತ್ತಿದ್ದಿರಿ, ನಾನು ಬರೆದದ್ದನ್ನು ನಿಮ್ಮ ಟಿಫನ್ ಡಬ್ಬಿಯ ಮೇಲೆ. ಅತ್ತೆ ಅದನ್ನು ನೋಡಿ ನೋಡಿ, ಮದುವೆಗೆ ಮುಂಚೆ ಬರ್ಕೊಳ್ಳೋದನ್ನ ನೀವು ಈಗ ಬರ್ಕೊಳ್ತಿದೀರಲ್ರೋ ಅಂತ ನಗುತ್ತಿದ್ದರು.

ಅವರು ನಲವತ್ತು ವರ್ಷ ಹೊಲಿಗೆ ಮಾಡಿದವರು. ನಮ್ಮ ವಾದದ ತಲೆಬುಡ ಅವರಿಗೆ ಗೊತ್ತಿಲ್ಲ ಅಂತ ನೀವು ತಿಳಿದಿದ್ದಿರಿ. ಒಂದು ಮಧ್ಯಾಹ್ನ ಕತ್ತರಿ ಕೆಳಗಿಟ್ಟು ನಿಮ್ಮನ್ನು ಕರೆದು ಏನು ಹೇಳಿದರು ಅನ್ನುವುದು ನನಗೆ ನಿನ್ನೆ ಮೊನ್ನೆ ಕೇಳಿದ ಹಾಗಿದೆ. ಅಲ್ವೋ, ನಾನು ಮನುಷ್ಯರ ಅಳತೆ ತಗೊಂಡು ಬಟ್ಟೆ ಕತ್ತರಿಸ್ತೀನಿ, ನೀನು ಬಟ್ಟೆ ಕತ್ತರಿಸಿಟ್ಕೊಂಡು ಅದಕ್ಕೆ ಹೊಂದೋ ಮನುಷ್ಯರನ್ನ ಹುಡುಕ್ತೀಯಲ್ಲ ಅಂದರು. ನಾನು ಚಪ್ಪಾಳೆ ತಟ್ಟಿದೆ. ನೀವು ಮುಖ ಸಣ್ಣಗೆ ಮಾಡಿಕೊಂಡು ಕಾಲೇಜಿಗೆ ಹೋದಿರಿ. ಸಂಜೆ ಬರುವಾಗ ಅವರಿಗೆ ಇಷ್ಟವಾದ ಬಿಸ್ಕತ್ತು ತಂದಿರಿ.

ಇನ್ನು ಆಸ್ಪತ್ರೆಯ ಮಾತು. ನಾನು ಮನೆ ಬಿಟ್ಟ ಈ ಏಳು ತಿಂಗಳಲ್ಲಿ ಇದಕ್ಕೆ ಮುಂಚೆ ನಿಮ್ಮ ಹದಿಮೂರು ಕಾಗದ ಬಂದಿವೆ, ಒಂದರಲ್ಲೂ ನೀವು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈ ಸಲ ಬರೆದಿದ್ದೀರಿ. ಹಾಗಾದರೆ ನಾನೂ ಬರೆಯುತ್ತೇನೆ.

ನಾನು ಆಗ ಈ ಊರಿನ ಶಾಲೆಯಲ್ಲಿದ್ದೆ, ಹೆರಿಗೆ ರಜೆಗೆ ಹೋದ ಗಣಿತದ ಟೀಚರ ಜಾಗಕ್ಕೆ ಮೂರು ತಿಂಗಳ ಮಟ್ಟಿಗೆ ಅಂತ ಬಂದು. ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಫೋನು ಬಂತು. ಅಮ್ಮ ಕತ್ತರಿಸ್ತಾ ಕತ್ತರಿಸ್ತಾ ಹಾಗೇ ಮೇಜಿನ ಮೇಲೆ ಬಿದ್ದುಬಿಟ್ರು, ಬೇಗ ಬಾ ಅಂದಿರಿ. ನಾನು ಪಾಠ ಅರ್ಧಕ್ಕೆ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದೆ. ಎರಡೂವರೆಗೆ ಆಸ್ಪತ್ರೆಯ ತೀವ್ರ ನಿಗಾ ವಾರ್ಡಿನ ಬಾಗಿಲಲ್ಲಿದ್ದೆ. ಅಲ್ಲಿ ನೀಲಿ ಅಂಗಿ ಹಾಕಿಕೊಂಡ ಕಾವಲಿನವರು ಸ್ಟೂಲಿನ ಮೇಲೆ ಕೂತಿದ್ದರು. ರೋಗಿಯ ಹೆಸರು ಹೇಳಿದೆ. ಅವರು ರಟ್ಟಿಗೆ ಸಿಕ್ಕಿಸಿದ ಫಾರಮ್ಮುಗಳನ್ನು ಮಗುಚಿ ಒಂದನ್ನು ತೆಗೆದು ನೋಡಿದರು. ಎರಡು ಸಲ ಓದಿದರು. ಏನಮ್ಮಾ ಇದು, ಇದರಲ್ಲಿ ಹೆಸರೇ ಬರೆದಿಲ್ವಲ್ಲ ಅಂತ ಫಾರಮ್ಮನ್ನು ನನ್ನ ಕಡೆ ತಿರುಗಿಸಿದರು.

ಒಳಗೆ ಬಿಡಬೇಕಾದವರ ಹೆಸರುಗಳು ಅಂತ ಅಚ್ಚು ಹಾಕಿ ಕೆಳಗೆ ಮೂರು ಗೆರೆ ಕೊಟ್ಟಿದ್ದರು. ಒಂದು ಗೆರೆಗೆ ಒಂದು ಹೆಸರು. ಲೋಕದಲ್ಲಿ ಬೇರೆ ಯಾರೇ ಆಗಿದ್ದರೂ ಹೆಂಡತಿಯ ಹೆಸರನ್ನು ಮೊದಲನೇ ಗೆರೆಯಲ್ಲಿ ಬರೆದು ಪೆನ್ನು ಮುಚ್ಚಿ ಹೋಗುತ್ತಿದ್ದರು. ನೀವು ಮೂರೂ ಗೆರೆ ಸೇರಿಸಿ ಹಸಿರು ಶಾಯಿಯಲ್ಲಿ ಒಂದು ವಾಕ್ಯ ಬರೆದಿದ್ದಿರಿ. ‘ರೋಗಿಯ ಜೊತೆ ಒಂದೇ ಮನೆಯಲ್ಲಿ ವಾಸವಾಗಿರುವ ಎಲ್ಲರೂ.’

ನಿಮ್ಮ ತಾಯಿ ಉಸಿರಿಗೆ ಒದ್ದಾಡುತ್ತಿರುವಾಗಲೂ ನಿಮಗೆ ಒಂದು ಹೆಸರು ಬರೆಯಲಾಗಲಿಲ್ಲ. ಯಾಕೆ ಹಾಗೆ ಬರೆದಿರಿ ಅಂತ ನನಗೆ ಅರ್ಥವಾಗುತ್ತದೆ, ಅದೇ ದೊಡ್ಡ ಹಿಂಸೆ. ಹೆಸರು ಬರೆದರೆ ಯಾರೋ ಒಬ್ಬರು ಬಿಟ್ಟುಹೋಗಬಹುದು, ಲಕ್ಷಣ ಬರೆದರೆ ಯಾರೂ ಬಿಟ್ಟುಹೋಗುವುದಿಲ್ಲ ಅಂತ ನೀವು ತರಗತಿಯಲ್ಲಿ ಹೇಳುವುದನ್ನು ನಾನು ಎಷ್ಟು ಸಲ ಕೇಳಿಲ್ಲ. ನಮ್ಮ ಮನೆಯಲ್ಲಿ ಇದ್ದದ್ದೇ ಮೂರು ಜನ. ಒಬ್ಬರು ಒಳಗೆ ಮಂಚದ ಮೇಲೆ, ಒಬ್ಬರು ಫಾರಂ ತುಂಬುತ್ತಾ. ಇನ್ನು ಉಳಿದವಳು ನಾನೊಬ್ಬಳು. ನನ್ನೊಬ್ಬಳನ್ನು ಒಳಗೆ ಬಿಡಿಸುವುದಕ್ಕೆ ನಿಮಗೆ ಒಂದು ಪರಿಕಲ್ಪನೆ ಬೇಕಾಯಿತು.

ಕಾವಲಿನವರು ಆ ವಾಕ್ಯ ಓದಿದರು, ನನ್ನ ಮುಖ ನೋಡಿದರು, ಬಿಡಲಿಲ್ಲ. ನೀವು ಒಳಗೆ, ನಿಮ್ಮ ಫೋನು ಆಫು. ನಾನು ಆ ಬಾಗಿಲಿನ ಎದುರಿಗಿದ್ದ ಗೋಡೆಗೆ ಒರಗಿ ನಿಂತೆ. ಗೋಡೆಯ ಮೇಲೆ ಕೈ ತೊಳೆಯುವ ಏಳು ವಿಧಾನಗಳ ಚಿತ್ರ ಅಂಟಿಸಿದ್ದರು, ಅದನ್ನು ಎಷ್ಟು ಸಲ ಓದಿದೆನೋ. ಅತ್ತೆ ಹೋದದ್ದು ನಾಲ್ಕೂ ಹತ್ತಕ್ಕೆ. ನೀವು ಬಾಗಿಲು ತೆಗೆದು ಆಚೆ ಬಂದಾಗ ನಾಲ್ಕೂ ಮುಕ್ಕಾಲು. ನನ್ನನ್ನು ನೋಡಿ, ಈಗ ಬಂದ್ಯಾ ಅಂತ ಕೇಳಿದಿರಿ. ಅಂದಿನಿಂದ ನಾನು ನಿಮ್ಮ ಫೋನು ಎತ್ತಿಲ್ಲ.

ಅವರು ನನ್ನನ್ನು ಒಂದು ದಿನವೂ ಸೊಸೆ ಅಂತ ಕರೆದವರಲ್ಲ. ನನ್ನ ಹುಡುಗಿ ಅನ್ನುತ್ತಿದ್ದರು. ಈಗಲೂ ನನ್ನ ಅಂಗಿಯ ತೋಳು ಎಲ್ಲಾದರೂ ಬಿಚ್ಚಿಕೊಂಡರೆ ನಾನು ಹೊಲಿಯುವುದಿಲ್ಲ, ಹಾಗೇ ಹಾಕಿಕೊಳ್ಳುತ್ತೇನೆ. ಸ್ಟಾಫ್ ರೂಮಿನಲ್ಲಿ ನೋಡಿ ನಗುತ್ತಾರೆ.

ಈಗ ನಿಮ್ಮ ಕಾಗದ. ನೀವು ಬರೆದದ್ದು ಇಷ್ಟು: ನಿನ್ನ ವಾಕ್ಯವೇ ಇರಲಿ, ನನ್ನ ವಾಕ್ಯದಿಂದ ಆದದ್ದು ಸಾಕು, ಆಸ್ಪತ್ರೆಯ ಬಾಗಿಲಲ್ಲಿ ನನ್ನ ಪರಿಕಲ್ಪನೆ ನಿನ್ನನ್ನು ಹೊರಗೆ ನಿಲ್ಲಿಸಿತು, ಅದಕ್ಕೇ ನೀನು ಮನೆ ಬಿಟ್ಟೆ, ನಾನು ರೈಟು ಹಾಕಿದ್ದೇನೆ, ಇನ್ನು ಮನೆಗೆ ಬಾ.

ಇದಕ್ಕೆ ವಾದ ಅಂತಾರಾ ಮೇಷ್ಟ್ರೇ? ನಿಮ್ಮ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ಉತ್ತರಪತ್ರಿಕೆಯನ್ನು ಅವನ ಮುಖಕ್ಕೇ ಹಿಡಿಯುತ್ತಿದ್ದಿರಿ. ಒಬ್ಬಳಿಗೆ ನೋವಾಯಿತು, ಆದ್ದರಿಂದ ಪರಿಕಲ್ಪನೆಯಿಂದ ಗಣ ಆಗುವುದಿಲ್ಲ. ಇದೆಂಥ ತರ್ಕ? ನಾನು ನಿಮ್ಮನ್ನು ಗೆಲ್ಲಬೇಕು ಅಂತ ಹನ್ನೊಂದು ವರ್ಷ ಒದ್ದಾಡಿದ್ದು ನಿಜ. ಆದರೆ ನನ್ನ ಮಾತಿನಿಂದ ಗೆಲ್ಲಬೇಕಾಗಿತ್ತು. ನೀವು ತಪ್ಪುಕಾಣಿಕೆ ಹಾಕಿದ ಹಾಗೆ ರೈಟು ಹಾಕಿ ಕಳಿಸಿದರೆ ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ?

ಅದೂ ಅಲ್ಲದೆ ನಿಮ್ಮ ಕೈಯಲ್ಲಿ ಒಳ್ಳೇ ವಾದ ಇತ್ತು, ಅದನ್ನು ನೀವು ಹಾಗೇ ಕೆಳಗೆ ಹಾಕಿಬಿಟ್ಟಿರಿ. ಒಂಬತ್ತನೇ ಕಾಗದದಲ್ಲಿ ಬರೆದಿದ್ದಿರಲ್ಲ, ಎರಡರಿಂದ ಭಾಗವಾಗುವ ಸಂಖ್ಯೆಗಳ ಗಣಕ್ಕೆ ಕೊನೆಯೇ ಇಲ್ಲ, ಅದನ್ನು ಯಾವ ಪಟ್ಟಿಯಲ್ಲಿ ಬರೀತೀಯ, ಯಾವ ಕಾಲಕ್ಕೆ ಮುಗಿಸ್ತೀಯ, ಎರಡರಿಂದ ಭಾಗವಾಗುವುದು ಅನ್ನೋ ಪರಿಕಲ್ಪನೆ ಬಿಟ್ಟರೆ ಅದನ್ನು ಹಿಡಿದಿಟ್ಟಿರೋದು ಇನ್ನೇನು ಅಂತ. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅಂದರೆ ನನ್ನ ಹತ್ತಿರ ಇರಲಿಲ್ಲ. ಬರೆಯುವವರು ಇಲ್ಲದಿದ್ದರೂ ಆ ಸಂಖ್ಯೆಗಳು ಇವೆ, ಆದ್ದರಿಂದ ಗಣವೂ ಇದೆ ಅಂತ ಹೇಳಬಹುದು ಅಂದುಕೊಂಡೆ. ಹೇಳಿದರೆ ನೀವು ಎಲ್ಲಿ ಹಿಡಿಯುತ್ತೀರಿ ಅಂತಲೂ ಗೊತ್ತಾಯಿತು. ಮೂರು ವಾರ ಪಾಠ ಮಾಡುವಾಗ, ನಡೆಯುವಾಗ, ಬಟ್ಟೆ ಒಗೆಯುವಾಗ ಅದೇ ತಲೆಯಲ್ಲಿ ಕೊರೆಯಿತು. ತಲೆ ಚಿಟ್ಟು ಹಿಡಿಯಿತು, ಅದರ ಜೊತೆಗೆ ಏನೋ ಒಂದು ಸಂತೋಷವೂ ಆಯಿತು. ಸದ್ಯ, ಮನುಷ್ಯ ಇನ್ನೂ ಬದುಕಿದ್ದಾನೆ, ಇನ್ನೂ ನನ್ನ ಜೊತೆ ಜಗಳಕ್ಕೆ ನಿಂತಿದ್ದಾನೆ ಅಂತ. ಅಂಥವರು ಈಗ ಬಿಳಿ ಬಾವುಟ ಹಿಡಿದುಕೊಂಡು ಬಂದರೆ ನನಗೆ ಸಿಟ್ಟು ಬರಬಾರದಾ?

ನಿಮ್ಮ ಜೊತೆ ಬಾಳುವುದು ಸುಲಭವಾಗಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ನಾನು ಸಾಕಾಗಿದೆ ಅಂದರೆ, ಯಾವ ಅರ್ಥದಲ್ಲಿ ಸಾಕಾಗಿದೆ ಅನ್ನುತ್ತಿದ್ದಿರಿ. ಅಳುತ್ತಾ ಕೂತರೆ, ಇದು ದುಃಖವೋ ಸಿಟ್ಟೋ ಮೊದಲು ಹೇಳು ಅನ್ನುತ್ತಿದ್ದಿರಿ. ನೀವು ಅದನ್ನು ಕಾಳಜಿಯಿಂದಲೇ ಕೇಳುತ್ತಿದ್ದಿರಿ, ಅದು ಗೊತ್ತಿದ್ದುದರಿಂದ ಜಗಳವಾಡುವುದಕ್ಕೂ ಆಗುತ್ತಿರಲಿಲ್ಲ. ಒಂದು ಸಲ ಜ್ವರದಲ್ಲಿ ಮಲಗಿದ್ದಾಗ ನೀವು ತಲೆದೆಸೆಯಲ್ಲಿ ಕೂತು, ಜ್ವರ ಬಂದವರು ಅಂತ ಯಾರನ್ನ ಕರೀಬೇಕು, ಎಷ್ಟು ಡಿಗ್ರಿಯಿಂದ ಅಂತ ಯೋಚನೆ ಮಾಡಿದಿರಿ. ಅತ್ತೆ ಬಂದು ನಿಮ್ಮನ್ನು ಎಬ್ಬಿಸಿ ಆಚೆಗೆ ಕಳಿಸಿ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಹೇಳಬಾರದು, ಆದರೂ ಹೇಳುತ್ತೇನೆ, ಆ ಮನೆಯಲ್ಲಿ ನಾನು ಅಷ್ಟು ವರ್ಷ ಇದ್ದದ್ದು ಅರ್ಧ ಅವರಿಂದ. ಇನ್ನರ್ಧ ನಿಮ್ಮ ಜೊತೆ ಜಗಳವಾಡುವ ರುಚಿಯಿಂದ.

ಈಗ ಆ ಮನೆಯಲ್ಲಿ ನೀವೊಬ್ಬರೇ. ಒಬ್ಬರೇ ಇರುವ ಗಣವೂ ಆ ಒಬ್ಬರೂ ಒಂದೇ ಅಲ್ಲ ಅಂತ ಹದಿನೈದನೇ ಪುಟದಲ್ಲಿ ಬರೆದಿದ್ದೇವೆ, ಇಬ್ಬರ ರೈಟೂ ಇದೆ. ಓದುವ ಮಕ್ಕಳಿಗೆ ಇದು ಕೂದಲು ಸೀಳಿದ ಹಾಗೆ ಕಾಣುತ್ತದೆ, ಚಿತ್ರ ಬರೆದು ತೋರಿಸಬೇಕು ಅಂದುಕೊಂಡಿದ್ದೆ. ಖಾಲಿ ಮನೆಯಲ್ಲಿ ಒಬ್ಬ ಮನುಷ್ಯ ಕೂತಿರುವ ಚಿತ್ರ ಬರೆದರೆ ಅವರಿಗೆ ಅರ್ಥವಾದೀತು. ನೀವು ಬರೆದ ‘ಮನೆಗೆ ಬಾ’ ಅನ್ನುವ ಎರಡು ಪದವನ್ನು ನಾನು ಓದಲಿಲ್ಲ ಅಂದುಕೊಳ್ಳಬೇಡಿ. ಬೆಳಿಗ್ಗೆಯಿಂದ ಎಷ್ಟೋ ಸಲ ಓದಿದ್ದೇನೆ.

ಆದರೂ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಏಳನೇ ಪುಟವನ್ನು ಇದರ ಜೊತೆ ವಾಪಸ್ಸು ಕಳಿಸುತ್ತಿದ್ದೇನೆ. ನನ್ನ ವಾಕ್ಯಕ್ಕೆ ನಾನು ಪೆನ್ಸಿಲ್ಲಿನಲ್ಲಿ ರೈಟು ಹಾಕಿಲ್ಲ. ನಿಮ್ಮ ಹಸಿರು ರೈಟು ರಬ್ಬರಿಗೆ ಹೋಗಲಿಲ್ಲ, ಬ್ಲೇಡಿನಿಂದ ಕೆರೆದು ತೆಗೆದಿದ್ದೇನೆ, ಕಾಗದ ಅಲ್ಲೊಂದು ಚೂರು ತೂತಾಗಿದೆ. ನೀವು ನನ್ನ ವಾಕ್ಯವನ್ನು ಒಪ್ಪಿದ್ದರೆ ಯಾಕೆ ಒಪ್ಪಿದಿರಿ ಅಂತ ವಾದ ಬರೆದು ಕಳಿಸಿ. ಒಪ್ಪದಿದ್ದರೆ ನಿಮ್ಮ ವಾಕ್ಯ ಬರೆದು ಕಳಿಸಿ. ನಿಮ್ಮ ಪಾಪ ಪರಿಹಾರಕ್ಕೆ ನನ್ನ ಪುಸ್ತಕದ ಮೊದಲನೇ ಅಧ್ಯಾಯವನ್ನು ಬಳಸಬೇಡಿ. ಸೋಮವಾರಕ್ಕೆ ಪುಸ್ತಕ ಹೋಗದಿದ್ದರೆ ಹೋಗದೇ ಇರಲಿ, ಮೇಡಮ್ಮಿಗೆ ನಾನೇ ಫೋನ್ ಮಾಡಿ ಬೈಸಿಕೊಳ್ಳುತ್ತೇನೆ.

ಜವಾನರು ಬೀಗದ ಗೊಂಚಲು ಹಿಡಿದುಕೊಂಡು ಎರಡು ಸಲ ಇಣುಕಿ ಹೋದರು. ನಿಲ್ಲಿಸುತ್ತೇನೆ.

ಇನ್ನೂ ಒಪ್ಪದಿರುವ,
ನಿಮ್ಮ ಸಹಲೇಖಕಿ

ಮರೆತಿದ್ದು: ಮರೆತಿದ್ದಲ್ಲ. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀವು ಯಾಕೆ ರೈಟು ಹಾಕಿದಿರಿ ಅನ್ನುವುದಕ್ಕೆ ಬಂದೆ, ನಾನು ಯಾಕೆ ಮನೆ ಬಿಟ್ಟೆ ಅನ್ನುವುದಕ್ಕೆ ಬರದೆಯೇ ಸಹಿ ಹಾಕಿದೆ. ಜವಾನರನ್ನು ಇನ್ನು ಹತ್ತು ನಿಮಿಷ ಕಾಯಿರಿ ಅಂತ ಬೇಡಿಕೊಂಡಿದ್ದೇನೆ.

ಮೂರು ತಿಂಗಳ ಕೆಲಸ ಅಂತ ಬಂದೆನಲ್ಲ, ಅದು ಮುಗಿಯುವ ಮೊದಲೇ ನಾನು ಹೆಡ್‌ಮಿಸ್ಟ್ರೆಸ್ಸರ ರೂಮಿಗೆ ಹೋಗಿ, ನನ್ನನ್ನು ಇಲ್ಲೇ ಕಾಯಂ ಮಾಡಿಕೊಳ್ಳಿ ಅಂತ ಅರ್ಜಿ ಕೊಟ್ಟಿದ್ದೆ. ಅವರು ಒಪ್ಪಿದ್ದರು. ಶಾಲೆಯ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಕೋಣೆಯನ್ನು ಒಂದು ವರ್ಷಕ್ಕೆ ಅಂತ ಹಿಡಿದಿದ್ದೆ. ಇದೆಲ್ಲ ಅತ್ತೆಗೆ ಹುಷಾರು ತಪ್ಪುವುದಕ್ಕೆ ಮೂರು ವಾರ ಮುಂಚೆ. ನಿಮಗೆ ಹೇಗೆ ಹೇಳುವುದು ಅಂತ ದಿನಾ ಯೋಚಿಸುತ್ತಿದ್ದೆ. ಅತ್ತೆಗೆ ಹೇಗೆ ಹೇಳುವುದು ಅಂತ ಅದಕ್ಕಿಂತ ಹೆಚ್ಚು. ಆಮೇಲೆ ಆ ದಿನ ಬಂತು, ನಿಮ್ಮ ಫಾರಂ ನನ್ನ ಕೈಗೆ ಒಂದು ನೆಪ ಕೊಟ್ಟಿತು. ನೀವು ನಿಮ್ಮ ವಾಕ್ಯದಿಂದಲೇ ನಾನು ಹೋದೆ ಅಂತ ನಂಬಿದಿರಿ. ಏಳು ತಿಂಗಳು ನಾನು ಅದನ್ನು ತಿದ್ದಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಕಾವಲಿನವರು ಫಾರಂ ಓದಿ ಸುಮ್ಮನೆ ನನ್ನ ಮುಖ ನೋಡಿದರು ಅಂತ ಮೇಲೆ ಬರೆದಿದ್ದೇನೆ. ಅವರು ಒಂದು ಪ್ರಶ್ನೆ ಕೇಳಿದರು. ಒಳ್ಳೇ ಮನುಷ್ಯ, ದನಿ ತಗ್ಗಿಸಿಯೇ ಕೇಳಿದರು, ನೀವು ಅವರ ಜೊತೆ ಅದೇ ಮನೇಲಿ ಇರೋರೇನಮ್ಮಾ ಅಂತ. ಹೂಂ ಅಂದಿದ್ದರೆ ಸಾಕಾಗಿತ್ತು, ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ, ಅವರ ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ನಾನು ಇಲ್ಲ ಅಂದೆ. ಒಂದು ವಾಕ್ಯಕ್ಕೆ ನಾನು ಹೊಂದುತ್ತೇನೋ ಇಲ್ಲವೋ ಅಂತ ಕೇಳಿದಾಗ ಸುಳ್ಳು ಹೇಳುವುದಕ್ಕೆ ನನಗೆ ಬರಲಿಲ್ಲ, ಅತ್ತೆ ಒಳಗಿದ್ದಾರೆ ಅಂತ ಗೊತ್ತಿದ್ದೂ ಬರಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ ಇರಬೇಕು. ಹಾಗಾದರೆ ಬಿಡೋಕಾಗಲ್ಲಮ್ಮ ಅಂತ ಅವರು ಕೈ ತೆಗೆದರು.

ಇದನ್ನು ಓದಿದ ಮೇಲೆ ನೀವು ಯಾವ ವಾಕ್ಯಕ್ಕೆ ರೈಟು ಹಾಕಿ ಕಳಿಸುತ್ತೀರೋ ಅದಕ್ಕೆ ನಾನೂ ಹಾಕುತ್ತೇನೆ. ಮನೆಗೆ ಬಾ ಅಂತ ಮತ್ತೆ ಬರೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಫಾರಮ್ಮಿನಲ್ಲಿ ನೀವು ಬರೆದದ್ದು ತಪ್ಪಾಗಿರಲಿಲ್ಲ, ಮೇಷ್ಟ್ರೇ. ಅದರೊಳಗೆ ನಾನಿರಲಿಲ್ಲ.